ಸಾಣೆಕಲ್ಲಿನ ತಗ್ಗು

ಜುಲೈ 6

ಅಪ್ಪಾ,

ಇಷ್ಟು ಹೊತ್ತಿಗೆ ನೀವು ಕನ್ನಡಿಯ ಕೆಳಗಿನ ಖಾನೆಯನ್ನು ತಡಕಾಡಿ, ಅಮ್ಮನ ಮೇಲೆ ರೇಗಿ, ಕೊನೆಗೆ ನನ್ನ ಮೇಲೆ ಅನುಮಾನ ಪಟ್ಟಿರುತ್ತೀರಿ. ಅನುಮಾನ ಸರಿಯಾಗಿದೆ. ನಿಮ್ಮ ಕ್ಷೌರದ ಕತ್ತಿಯನ್ನು ಎತ್ತಿಕೊಂಡು ಬಂದವಳು ನಾನೇ. ಕೇಳಿದ್ದರೆ ಕೊಡುತ್ತಿರಲಿಲ್ಲ, ಅದಕ್ಕೇ ಕೇಳಲಿಲ್ಲ.

ಈಗ ಅದು ನನ್ನ ಕೋಣೆಯ ಕಿಟಕಿಯ ಪಕ್ಕ ಹಳೇ ಟವೆಲ್ಲಿನ ಮೇಲೆ ಮಲಗಿದೆ. ಅದರ ಅವಸ್ಥೆ ನೋಡಿ ಹೊಟ್ಟೆ ಉರಿಯಿತು. ಕೊಂಬಿನ ಹಿಡಿ ಸೀಳಿದೆ. ಕೀಲು ಸಡಿಲವಾಗಿ ಅಲಗು ಕುಡಿದವನ ಹಾಗೆ ಎರಡೂ ಕಡೆ ವಾಲುತ್ತದೆ. ಬೆನ್ನಿನ ತುಂಬ ತುಕ್ಕು. ಅಜ್ಜನ ಕಾಲದ ಮುದ್ರೆಯಲ್ಲಿ ಒಂದು ನಕ್ಷತ್ರ ಬಿಟ್ಟರೆ ಬೇರೇನೂ ಉಳಿದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಅಲಗಿನ ಬಾಯಿಯ ನಡುವಿನ ಮುಕ್ಕು, ಅರ್ಧ ಅಕ್ಕಿಕಾಳು ಕೂರುವಷ್ಟಿದೆ. ಬೆಕ್ಕು ಬೀಳಿಸಿತು ಎಂದಿರಿ. ನಮ್ಮ ಮನೆಗೆ ಬೆಕ್ಕು ಯಾವಾಗ ಬಂತಪ್ಪ?

ಇರಲಿ. ನಾನು ಬರೆಯಲು ಕೂತದ್ದು ಬೇರೆ ವಿಷಯಕ್ಕೆ. ಮೊನ್ನೆ ಬಂದಿದ್ದಾಗ ಪಕ್ಕದಂಗಡಿಯ ದರ್ಜಿ ನಮ್ಮ ಅಂಗಡಿಯ ನಡುಗೋಡೆಗೆ ಟೇಪು ಹಿಡಿದು ನಿಂತಿದ್ದ. "ವರ್ಷ ಮುಗಿದ ಮೇಲೆ ಇದನ್ನ ಒಡೆದುಬಿಡೋಣ, ಅಲ್ವಾ ಅಣ್ಣ?" ಎಂದ. ನೀವು ತಲೆಯಾಡಿಸಿದಿರಿ. ಅಜ್ಜ ಹಾಕಿಸಿದ ಕುರ್ಚಿ, ನೀವು ಜೀವಮಾನವಿಡೀ ನಿಂತ ಜಾಗ, ಅಷ್ಟು ಸಲೀಸಾಗಿ ಷರಟು ಹೊಲಿಯುವವನ ಪಾಲಿಗೆ! ಬಾಗಿಲ ಹತ್ತಿರ ನಿಂತಿದ್ದ ನನ್ನ ಕಡೆ ನೀವು ತಿರುಗಿಯೂ ನೋಡಲಿಲ್ಲ. ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಓದು ಮುಗಿಸಿದ ವರ್ಷ ನಾನು ಕುರ್ಚಿಯ ಹಿಂದೆ ನಿಲ್ಲುತ್ತೇನೆಂದು ಕೇಳಿದ್ದೆ. "ಹೆಣ್ಣು ಅಂತಲ್ಲ ಮರಿ, ನಿನ್ನ ಕೈ ಭಾರ. ಕಬ್ಬಿಣಕ್ಕೆ ಸರಿ, ಕೆನ್ನೆಗೆ ಆಗಲ್ಲ" ಎಂದಿರಿ. ಸರಿ ಎಂದು ಕಬ್ಬಿಣದ ಹತ್ತಿರವೇ ಬಂದೆ. ಈಗ ಈ ಕಾರ್ಖಾನೆಯಲ್ಲಿ ಉಳಿ, ಬೈರಿಗೆಗಳಿಗೆ ಸಾಣೆ ಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಜಂಬವಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ.

ಆದ್ದರಿಂದ ಒಂದು ಪಂದ್ಯ. ಈ ಕತ್ತಿಯನ್ನು ನಾನು ಬದುಕಿಸುತ್ತೇನೆ. ವರ್ಷ ಮುಗಿಯುವುದರೊಳಗೆ ಬಂದು ಇದೇ ಕತ್ತಿಯಿಂದ, ನೀವು ಬಿಟ್ಟುಕೊಂಡಿರುವ ಆ ಗಡ್ಡವನ್ನು ತೆಗೆಯುತ್ತೇನೆ. (ಕ್ಷೌರದವರೇ ಗಡ್ಡ ಬಿಟ್ಟು ಕೂತರೆ ಬೀದಿಯವರು ಏನಂದುಕೊಳ್ಳಬೇಕು?) ಒಂದು ಹನಿ ರಕ್ತ ಬಂದರೂ ಗೋಡೆ ದರ್ಜಿಯದು. ಬರದಿದ್ದರೆ ಅಂಗಡಿ ನನ್ನದು. ಇಲ್ಲಿನ ಕೆಲಸ ಬಿಟ್ಟು ಬಂದು ನಿಮ್ಮ ಜಾಗದಲ್ಲಿ ನಿಲ್ಲುತ್ತೇನೆ.

ಒಪ್ಪಿಗೆಯೋ, ಹೆದರಿಕೆಯೋ?

ನಿಮ್ಮ ಭಾರದ ಕೈಯ ಮಗಳು


ಜುಲೈ 17

ಮಗಳಿಗೆ,

ಅಕ್ಷರ ಅಮ್ಮನದು, ಮಾತು ನನ್ನದು. ಕನ್ನಡಕದ ಕಾಲು ಮುರಿದಿದೆ, ಅದಕ್ಕೆ ಹೇಳಿ ಬರೆಸುತ್ತಿದ್ದೇನೆ.

(ಕನ್ನಡಕ ಮೂಗಿನ ಮೇಲೇ ಇದೆ. ಅಮ್ಮ.)

ಕದ್ದ ಮಾಲಿನ ಮೇಲೆ ಪಂದ್ಯ ಕಟ್ಟುವವಳನ್ನು ಇದೇ ಮೊದಲು ನೋಡುತ್ತಿದ್ದೇನೆ. ಗಡ್ಡದ ವಿಷಯ ಎತ್ತಿದ್ದೀಯ. ಬೇರೆಯವರ ಕುರ್ಚಿಯಲ್ಲಿ ಕೂತು ಮುಖ ಕೊಡುವುದು ನನ್ನಿಂದ ಆಗದು, ಅಷ್ಟೇ ಕಾರಣ. ಗಡ್ಡ ನನಗೆ ಒಪ್ಪುತ್ತದೆ ಎಂದು ಹೇಳಿದವರೂ ಇದ್ದಾರೆ.

(ಯಾರೂ ಹೇಳಿಲ್ಲ.)

ರಕ್ತ ಬರಲಿಲ್ಲ ಎನ್ನುವುದೂ ಒಂದು ಕೆಲಸವೇ? ಅಷ್ಟನ್ನು ಬ್ಲೇಡು ಬದಲಿಸುವ ಕತ್ತಿ ಹಿಡಿದವನೂ ಮಾಡುತ್ತಾನೆ. ನಿನ್ನಜ್ಜ ನನ್ನನ್ನು ಕೆಲಸಕ್ಕೆ ಒಪ್ಪಿಕೊಂಡದ್ದು ಹೇಗೆ ಗೊತ್ತೆ? ತಾವೇ ಕುರ್ಚಿಯಲ್ಲಿ ಕೂತು ಮುಖ ಕೊಟ್ಟರು. ಕತ್ತಿ ಗಂಟಲಿಗೆ ಬರುವ ಹೊತ್ತಿಗೆ ಗೊರಕೆ ಹೊಡೆಯುತ್ತಿದ್ದರು. ಗಂಟಲ ಮೇಲೆ ಕತ್ತಿ ಆಡುವಾಗ ಮನುಷ್ಯ ನಿದ್ದೆ ಹೋದನೆಂದರೆ ಆ ಕೈ ಕೆಲಸಕ್ಕೆ ಬಂತು ಎಂದು ಅರ್ಥ. ನನಗೆ ಗೊತ್ತಿರುವ ಪರೀಕ್ಷೆ ಇದೊಂದೇ.

ನಾನು ನಿದ್ದೆ ಹೋದರೆ ಅಂಗಡಿ ನಿನ್ನದು. ಎಚ್ಚರವಾಗಿದ್ದರೆ ದರ್ಜಿಯದು. ನಾನು ಹಗಲು ಕಣ್ಣು ಮುಚ್ಚುವವನಲ್ಲ, ನೆನಪಿಟ್ಟುಕೋ.

ಅಪ್ಪ

(ಇನ್ನು ಮುಂದಿನದು ನನ್ನದು. ಇವರು ಪೇಪರು ತರಲು ಹೋಗಿದ್ದಾರೆ. ಬೆಕ್ಕೂ ಇಲ್ಲ ಗಿಕ್ಕೂ ಇಲ್ಲ. ಇವರ ಬಲಗೈ ನಡುಗುತ್ತದೆ ಮರಿ. ನೀನು ಬಂದಿದ್ದಾಗ ಆ ಕೈಯನ್ನು ಜೇಬಿನಿಂದ ಹೊರಗೆ ತೆಗೆಯಲೇ ಇಲ್ಲ, ಗಮನಿಸಿದೆಯಾ? ಪ್ರಾಣಕ್ಕೇನೂ ಭಯವಿಲ್ಲ, ಆದರೆ ನಡುಕ ಪೂರ್ತಿ ಹೋಗುವುದಿಲ್ಲ ಎಂದರು ಡಾಕ್ಟರು. ಒಬ್ಬ ಗಿರಾಕಿಯ ಕಿವಿಯ ಹತ್ತಿರ ಕತ್ತಿ ಕೈಜಾರಿ ನೆಲಕ್ಕೆ ಬಿತ್ತು. ಆತನಿಗೆ ಏನೂ ಆಗಲಿಲ್ಲ. ಆದದ್ದೆಲ್ಲ ಇವರಿಗೆ. ಈಗ ಬೆಳಿಗ್ಗೆ ಬಾಗಿಲು ತೆಗೆದು ಕೂರುತ್ತಾರೆ, ಬಂದವರನ್ನು ಮಾತಾಡಿಸಿ ಕಳಿಸುತ್ತಾರೆ. ನೀನು ಗೊತ್ತಿಲ್ಲದವಳ ಹಾಗೇ ಇರು. ಪಂದ್ಯ ಮಾತ್ರ ಬಿಡಬೇಡ. ಪಂದ್ಯದ ಮಾತು ಬಂದ ಮೇಲೆ ಸ್ವಲ್ಪ ಜೋರಾಗಿ ಮಾತಾಡುತ್ತಿದ್ದಾರೆ.)


ಆಗಸ್ಟ್ 24

ಅಪ್ಪಾ,

ನಿಮ್ಮ ಷರತ್ತಿಗೆ ನನ್ನ ಒಪ್ಪಿಗೆ ಇದೆ. ನಿದ್ದೆ ಬರದಿದ್ದರೆ ಆಮೇಲೆ ಹೇಳಿ.

ಕತ್ತಿಯ ಕೆಲಸ ಮುಗಿಯಿತು! ಕೀಲಿನ ತಲೆಯನ್ನು ಅರದಿಂದ ಸವೆಸಿ ಹೊರಗೆ ತೆಗೆದು ಅಲಗನ್ನೂ ಹಿಡಿಯನ್ನೂ ಬೇರೆ ಮಾಡಿದೆ. ತುಕ್ಕಿಗೆ ಎಣ್ಣೆ ಹಾಕಿ ನೆನೆಸಿ, ಒರಟು ಎಮರಿ ಕಾಗದದಿಂದ ಶುರುಮಾಡಿ ನಯವಾದದ್ದರವರೆಗೆ ಕೈಯಲ್ಲೇ ಉಜ್ಜಿದೆ. ಯಂತ್ರದ ಹತ್ತಿರ ಒಯ್ಯಲಿಲ್ಲ. ಇಷ್ಟು ತೆಳ್ಳಗಿನ ಉಕ್ಕು ಬಿಸಿಯಾಗಿ ನೀಲಿ ತಿರುಗಿತೆಂದರೆ ಹದ ಹೋಯಿತು, ಹದ ಹೋದ ಕತ್ತಿ ಬೆಣ್ಣೆ ಸವರಲು ಲಾಯಕ್ಕು. ನಕ್ಷತ್ರದ ಸುತ್ತ ಮಾತ್ರ ಉಜ್ಜದೆ ಬಿಟ್ಟೆ, ಅದು ಅಜ್ಜನ ಗುರುತು. ಹಿಡಿಯ ಸೀಳಿಗೆ ಅಂಟು ತುಂಬಿ, ದಾರ ಬಿಗಿದು ಒಣಗಿಸಿದೆ. ಹಿತ್ತಾಳೆ ತಂತಿಯಲ್ಲಿ ಹೊಸ ಕೀಲು ಮಾಡಿ ಸಣ್ಣ ಸುತ್ತಿಗೆಯಿಂದ ಬಡಿದು ಕೂರಿಸಿದೆ. ಈಗ ಎಷ್ಟು ತೆರೆದರೆ ಅಷ್ಟಕ್ಕೇ ನಿಲ್ಲುತ್ತದೆ, ವಾಲಾಟವಿಲ್ಲ.

ಕೊನೆಗೆ ಬಾಯಿ. ಮುಕ್ಕು ಹೋಗಬೇಕಾದರೆ ಅದರ ಅಕ್ಕಪಕ್ಕದ ಉಕ್ಕನ್ನೂ ಅದರ ಮಟ್ಟಕ್ಕೆ ಇಳಿಸಬೇಕಲ್ಲ. ಇಳಿಸುವಾಗ ನೋಡುತ್ತೇನೆ, ನಿಮ್ಮ ಕತ್ತಿಯ ಬಾಯಿ ನೇರವಾಗಿಯೇ ಇರಲಿಲ್ಲ! ನಡು ಉಬ್ಬಿತ್ತು, ಎರಡೂ ತುದಿ ಸವೆದು ಮೇಲಕ್ಕೆ ಬಾಗಿದ್ದವು. ಇಷ್ಟು ವರ್ಷ ಅದರಲ್ಲಿ ಹೇಗೆ ಕೆಲಸ ನಡೆಸಿದಿರೋ ಕಾಣೆ. ಅದನ್ನೂ ಸರಿಮಾಡಿಬಿಟ್ಟೆ. ಈಗ ಉಕ್ಕಿನ ಪಟ್ಟಿ ಒತ್ತಿಟ್ಟು ಬೆಳಕಿಗೆ ಹಿಡಿದರೆ ಒಂದೆಳೆ ಬೆಳಕೂ ತೂರುವುದಿಲ್ಲ. ನಮ್ಮ ಮೇಸ್ತ್ರಿ, ಯಾರನ್ನೂ ಹೊಗಳುವ ಜಾಯಮಾನದವರಲ್ಲ, ತಿರುಗಿಸಿ ತಿರುಗಿಸಿ ನೋಡಿ "ಇದಪ್ಪಾ ಕೆಲಸ" ಎಂದರು.

ಅಂಗಡಿಯ ಬೋರ್ಡಿಗೆ ಯಾವ ಬಣ್ಣ ಬಳಿಸಲಿ, ಅದನ್ನು ತಿಳಿಸಿ.

ಗೆಲ್ಲುವವಳು


ಸೆಪ್ಟೆಂಬರ್ 5

ಮಗಳಿಗೆ,

ಬಣ್ಣ ಬೇಡ. ಚೆನ್ನಾದ ಅಳತೆಪಟ್ಟಿ ಮಾಡಿದ್ದೀಯ, ಅದರಲ್ಲಿ ಗೆರೆ ಎಳೆದುಕೋ. ನನ್ನ ಕತ್ತಿ ಇನ್ನಿಲ್ಲ.

ಅಪ್ಪ

(ಇಷ್ಟೇ ಬರೆಸಿದ್ದು. ನಿನ್ನ ಪತ್ರ ಓದಿ ಊಟ ಬಿಟ್ಟು ಎದ್ದರು. "ಮನುಷ್ಯನ ಮುಖದಲ್ಲಿ ನೇರ ಅನ್ನೋದು ಎಲ್ಲಿದೆ, ತೋರಿಸು! ಇವಳಿಗೆ ಮುಖ ಅಂದ್ರೆ ಕಬ್ಬಿಣದ ಹಲಗೆ" ಎಂದು ನನ್ನ ಮೇಲೆ ಕೂಗಾಡಿದರು. ನಾನೇನು ಹೇಳಲಿ, ನನಗೆ ಗಡ್ಡವೇ ಇಲ್ಲ. ಆದರೆ ಮರಿ, ಬಹಳ ನೊಂದುಕೊಂಡಿದ್ದಾರೆ. ಇವತ್ತು ದರ್ಜಿ ಗಾರೆಯವನನ್ನು ಕರೆತಂದು ಗೋಡೆ ತೋರಿಸಿದ. ಜನವರಿ ಮೊದಲ ವಾರಕ್ಕೆ ಒಡೆಯುವ ಮಾತಾಯಿತು. ಇವರು ಅವನಿಗೆ ಟೀ ತರಿಸಿಕೊಟ್ಟರು. ನೀನು ಸಿಟ್ಟಿನಲ್ಲಿ ಏನಾದರೂ ಬರೆದುಬಿಡಬೇಡ.)


ಅಕ್ಟೋಬರ್ 9

ಅಪ್ಪಾ,

ಸಿಟ್ಟಿನಲ್ಲಿ ಬರೆದೆ, ಆದರೆ ಅಂಚೆಗೆ ಹಾಕಲಿಲ್ಲ. ಅದರಲ್ಲಿದ್ದದ್ದು ಇಷ್ಟು: ನೇರ ಎಂದರೆ ನೇರ, ನಿಮ್ಮ ಕತ್ತಿ ಸವೆದು ಸೊಟ್ಟಗಾಗಿತ್ತು, ಸೊಟ್ಟಕ್ಕೆ ಒಗ್ಗಿಕೊಂಡವರಿಗೆ ನೇರ ಹಿಡಿಸುವುದಿಲ್ಲ. ಚೆನ್ನಾಗಿಯೇ ಬರೆದಿದ್ದೆ. ಈಗ ಹರಿದು ಹಾಕಿದ್ದೇನೆ. ಯಾಕೆಂದು ಹೇಳುತ್ತೇನೆ, ನಗುವುದಿದ್ದರೆ ನಕ್ಕುಬಿಡಿ.

ಮಧ್ಯಾಹ್ನದ ಬಿಡುವಿನಲ್ಲಿ ಮೇಸ್ತ್ರಿ ತಾವೇ ಮುಂದೆ ಬಂದರು. "ಕೂದಲು ಸೀಳೋ ಕತ್ತಿ ಅಂತೀಯ, ನನ್ನ ಮುಖ ನೋಡು" ಎಂದು ಸ್ಟೂಲಿನ ಮೇಲೆ ಕೂತರು. ಇಡೀ ವಿಭಾಗ ಸುತ್ತ ನಿಂತಿತು. ಕೆನ್ನೆ ಸೊಗಸಾಗಿ ಬಂತು. ಎರಡನೇ ಕೆನ್ನೆಯೂ ಬಂತು. ನಾನು ಎಲ್ಲರ ಕಡೆ ಒಮ್ಮೆ ನೋಡಿ ಬೀಗಿದೆ. ದವಡೆಯ ಕೆಳಗೆ ಇಳಿದೆ ನೋಡಿ, ಗಂಟಲ ಪಕ್ಕದಲ್ಲಿ ಒಂದು ಹಳ್ಳವಿರುತ್ತದಲ್ಲ, ಅಲ್ಲಿ ಕತ್ತಿಯ ನಡು ಚರ್ಮಕ್ಕೆ ತಾಗಲೇ ಇಲ್ಲ. ತುದಿ ತಾಗಿತು. ತಾಗಿ ಕಚ್ಚಿತು. ಇನ್ನೊಂದು ಕಡೆಯೂ ಹಾಗೇ. ಮೇಸ್ತ್ರಿ ಸಂಜೆಯವರೆಗೆ ಕುತ್ತಿಗೆಗೆ ಕಾಗದದ ಚೂರು ಅಂಟಿಸಿಕೊಂಡು ಓಡಾಡಿದರು. ಬೈದಿದ್ದರೆ ಚೆನ್ನಾಗಿತ್ತು, ನನಗೆ ಅಷ್ಟು ನಾಚಿಕೆಯಾಯಿತು.

ಆ ಬಾಗು ಸವೆತವಲ್ಲ, ಅದು ಬೇಕೆಂದೇ ಇದ್ದದ್ದು. ಬಾಗಿದ ಬಾಯಿಯಾದರೆ ಹಳ್ಳದಲ್ಲೂ ಎಲ್ಲಿ ಬೇಕೋ ಅಲ್ಲಿ ಮಾತ್ರ ತಾಗುತ್ತದೆ, ತುದಿಗಳು ಚರ್ಮದಿಂದ ದೂರ ಇರುತ್ತವೆ. ಇದು ಈಗ ತಿಳಿಯಿತು. ಅದನ್ನು ಹಾಳುಮಾಡಿದವಳು ನಾನು, ಅದನ್ನೂ ಒಪ್ಪುತ್ತೇನೆ. ಆದರೆ ಸೋತೆ ಎಂದು ಒಪ್ಪುವುದಿಲ್ಲ. ಅಲಗಿನಲ್ಲಿ ಇನ್ನೂ ಸಾಕಷ್ಟು ಅಗಲವಿದೆ. ಹೋದ ಬಾಗನ್ನು ಮತ್ತೆ ತರಬಹುದು.

ಹೇಗೆ ತರಬೇಕೆಂದು ಮಾತ್ರ ತಿಳಿಯುತ್ತಿಲ್ಲ. ನನ್ನ ಹತ್ತಿರ ಇರುವ ಕಲ್ಲುಗಳೆಲ್ಲ ಮಟ್ಟಸ, ಏನು ಉಜ್ಜಿದರೂ ನೇರವೇ ಆಗುತ್ತದೆ. ನೀವು ಯಾವ ಕಲ್ಲಿನಲ್ಲಿ ಹಿಡಿಯುತ್ತಿದ್ದಿರಿ? ಬಚ್ಚಲ ಕಿಟಕಿಯ ಮೇಲೆ ಇರುತ್ತಿತ್ತಲ್ಲ, ಸೋಪಿನ ಡಬ್ಬಿಯ ಹಿಂದೆ, ಅದೇ ಏನು? ಅದನ್ನು ಕಳಿಸಿಕೊಡಿ. ಈ ಸಲ ಕದಿಯುತ್ತಿಲ್ಲ, ಕೇಳುತ್ತಿದ್ದೇನೆ.

ನಿಮ್ಮ ಮಗಳು


ಅಕ್ಟೋಬರ್ 20

ಮಗಳಿಗೆ,

ಕಲ್ಲು ಕಳಿಸಿದ್ದೇನೆ. ಒಡೆಯಬೇಡ. ಮೇಸ್ತ್ರಿಗೆ ಗಾಯ ಮಾಗಿತೇ?

ಅಪ್ಪ

(ನಿನ್ನ ಪತ್ರವನ್ನು ಎರಡು ಸಲ ಓದಿಸಿಕೊಂಡು ಕೇಳಿದರು. ಕಾಗದದ ಚೂರಿನ ಮಾತು ಬಂದಾಗ ನಕ್ಕದ್ದು ಕೆಮ್ಮಿಗೆ ತಿರುಗಿ ನೀರು ಕುಡಿಸಬೇಕಾಯಿತು. ಕಲ್ಲನ್ನು ತಾವೇ ಸುತ್ತಿದರು. ಗಂಟು ಹಾಕಲು ಬರಲಿಲ್ಲ, ಆದರೂ ನನ್ನ ಕೈಗೆ ಕೊಡಲಿಲ್ಲ, ಹಲ್ಲಲ್ಲಿ ದಾರ ಹಿಡಿದು ಬಿಗಿದರು. "ಅದನ್ನ ಹೇಗೆ ಬಳಸಬೇಕು ಅಂತ ಎರಡು ಮಾತು ಬರೆಸಿ" ಎಂದೆ. "ಅವಳಿಗೇ ತಿಳೀಬೇಕು. ತಿಳಿಯದಿದ್ರೆ ದರ್ಜಿ ಇದ್ದಾನಲ್ಲ" ಎಂದರು.)


ನವೆಂಬರ್ 23

ಅಪ್ಪಾ,

ಕಲ್ಲು ಬಂದ ದಿನ ಏನಾಯಿತೆಂದು ನಿಮಗೆ ಹೇಳಲೇಬೇಕು.

ಗಂಟು ಬಿಚ್ಚಲು ಅರ್ಧ ಗಂಟೆ ಹಿಡಿಯಿತು. (ಯಾರು ಹಾಕಿದ್ದು? ಅಮ್ಮನ ಗಂಟಿನ ಹಾಗಿರಲಿಲ್ಲ.) ನಮ್ಮ ಕೆಲಸದಲ್ಲಿ ಯಾವ ಕಲ್ಲು ಕೈಗೆ ಬಂದರೂ ಮೊದಲು ಅದರ ಮೇಲೆ ಉಕ್ಕಿನ ಪಟ್ಟಿ ಇಟ್ಟು ನೋಡುವುದು ಅಭ್ಯಾಸ. ಇಟ್ಟೆ. ಕೆಳಗೆ ಬೆಳಕು ಧಾರಾಳವಾಗಿ ತೂರಿತು. ನಡುವೆ ಬಟ್ಟಲಿನಷ್ಟು ತಗ್ಗು! "ಇದನ್ನ ಮೊದಲು ಮಟ್ಟ ಮಾಡು, ಆಮೇಲೆ ಮಾತು" ಎಂದರು ಮೇಸ್ತ್ರಿ. ಅವರು ಹೇಳುವ ಮೊದಲೇ ನನ್ನ ಕೈ ಆ ಕೆಲಸಕ್ಕೆ ಹೊರಟಿತ್ತು. ಯಂತ್ರದ ಹಲಗೆಗೆ ಕಲ್ಲನ್ನು ಬಿಗಿದದ್ದೂ ಆಯಿತು. ಗುಂಡಿ ಒತ್ತಿದರೆ ಕ್ಷಣದಲ್ಲಿ ಕನ್ನಡಿಯ ಹಾಗೆ ಮಟ್ಟಸವಾಗುತ್ತಿತ್ತು.

ನೀರು ಬಿಡಲೆಂದು ಬಗ್ಗಿದಾಗ ಕಲ್ಲಿನ ಮೇಲೆ ಬೆರಳು ಹೋಯಿತು. ತಗ್ಗು ನಟ್ಟನಡುವೆ ಇರಲಿಲ್ಲ, ಸ್ವಲ್ಪ ಬಲಕ್ಕಿತ್ತು. ಬೆಳಿಗ್ಗೆ ನೀವು ಬಚ್ಚಲ ಕಟ್ಟೆಯ ಮೇಲೆ ಕೂತು, ಸ್ವಲ್ಪ ಬಲಕ್ಕೆ ವಾಲಿಕೊಂಡು ಕತ್ತಿ ಹಿಡಿಯುತ್ತಿದ್ದ ಭಂಗಿ ಕಣ್ಣಮುಂದೆ ಬಂತು. ನೇರವಾದ ಬಾಯಿಯನ್ನು ಇಂಥ ತಗ್ಗಿನ ಮೇಲಿಟ್ಟರೆ ಮೊದಲು ತಾಗುವುದು ಎರಡು ತುದಿ. ತುದಿ ಸವೆಯುತ್ತವೆ, ನಡು ಉಳಿಯುತ್ತದೆ. ಕತ್ತಿಯ ಬಾಗು ಹುಟ್ಟಿದ್ದೇ ಈ ತಗ್ಗಿನಿಂದ! ನಾನು ಅದೂ ಇಲ್ಲದ ಹಾಗೆ ಮಾಡುವವಳಿದ್ದೆ. ಯಂತ್ರದ ಬಿಗಿತ ಸಡಿಲಿಸಿ ಕಲ್ಲನ್ನು ಎತ್ತಿಕೊಂಡು ಎದೆಗವಚಿ ನಿಂತೆ. ಮೇಸ್ತ್ರಿ ನನ್ನ ತಲೆ ಸರಿಯಿದೆಯೇ ಎಂದು ನೋಡಿದರು.

ಅವತ್ತಿನಿಂದ ದಿನಾ ಕೆಲಸಕ್ಕೆ ಹೋಗುವ ಮೊದಲು ಅದರ ಮೇಲೆ ಹಿಡಿಯುತ್ತಿದ್ದೇನೆ. ಮೊದಲ ವಾರ ಕತ್ತಿ ಸಾಗಲೇ ಇಲ್ಲ. ನಾನು ಒತ್ತಿದಷ್ಟೂ ಕಲ್ಲು ಅದನ್ನು ಹಿಡಿದುಕೊಳ್ಳುತ್ತಿತ್ತು, ಕಿರ್ ಎಂದು ಕೂಗುತ್ತಿತ್ತು. ಒಂದು ದಿನ ಬೇಸತ್ತು ಕೈ ಸಡಿಲ ಬಿಟ್ಟೆ. ಕತ್ತಿ ತನ್ನಷ್ಟಕ್ಕೆ ತಾನು ತಗ್ಗಿನಲ್ಲಿ ಇಳಿದು, ಹತ್ತಿ, ದಾಟಿತು. ಸದ್ದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಕತ್ತಿಯ ತೂಕವೇ ಸಾಕು, ನನ್ನದು ಬೇಕಿಲ್ಲ. ನೀವು ಇದನ್ನೇ "ಕೈ ಭಾರ" ಎಂದದ್ದು, ಅಲ್ಲವೇ? ಆಗ ಒಂದು ಮಾತು ಬಿಡಿಸಿ ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ಬಾಗು ಬಂದಿದೆ. ಮುಂಚಿನಷ್ಟು ಇಲ್ಲ, ಆದರೆ ಬಂದಿದೆ. ಮೇಸ್ತ್ರಿ ಇನ್ನೊಮ್ಮೆ ಮುಖ ಕೊಟ್ಟರು (ಧೈರ್ಯವಂತರು). ಕಾಗದದ ಚೂರು ಬೇಕಾಗಲಿಲ್ಲ. ನಿದ್ದೆ ಹೋಗಲಿಲ್ಲ, ಅದು ಹಳೇ ಭಯದಿಂದ.

ಡಿಸೆಂಬರಿನಲ್ಲಿ ಒಂದು ಭಾನುವಾರ ಬರಲೇ?

ಮಗಳು


ಡಿಸೆಂಬರ್ 2

ಮಗಳಿಗೆ,

ಬಾ.

ಅಪ್ಪ

(ಈ ಒಂದಕ್ಷರಕ್ಕೆ ನನ್ನನ್ನು ಅಡುಗೆಮನೆಯಿಂದ ಕರೆದು ಕೂರಿಸಿದರು. ಕುರ್ಚಿಗೆ ಎಣ್ಣೆ ಹಾಕಿಸಿದ್ದಾರೆ. ದರ್ಜಿಗೂ ಭಾನುವಾರ ಬರಲು ಹೇಳಿದ್ದಾರೆ, ಪಂದ್ಯಕ್ಕೆ ಸಾಕ್ಷಿ ಬೇಕಂತೆ. ಹಿಂದಿನ ದಿನ ಮಧ್ಯಾಹ್ನ ಮಲಗಿಬಿಡುತ್ತಾರಂತೆ, ನಿನ್ನೆದುರು ಎಚ್ಚರವಾಗಿರಲು. ನಾನು ಮಲಗಲು ಬಿಡುವುದಿಲ್ಲ.)


ಡಿಸೆಂಬರ್ 16

ಅಪ್ಪಾ,

ಭಾನುವಾರ ಬಸ್ಸಿಗೆ ಹೊತ್ತಾಗಿತ್ತೆಂದು ಓಡಿಬಂದೆ. ನೀವು ಹೊಸ್ತಿಲವರೆಗೆ ಬಂದು "ಕಣ್ಣು ಮುಚ್ಚಿಕೊಂಡಿದ್ದೆ ಅಷ್ಟೆ, ನಿದ್ದೆ ಮಾಡಲಿಲ್ಲ" ಎಂದು ಮೂರನೇ ಸಲ ಹೇಳಿದಿರಿ. ನಾನು ಜಗಳವಾಡಲಿಲ್ಲ. ಆದರೆ ನೀವು ಕಣ್ಣು ಮುಚ್ಚಿದ ಮೇಲೆ ನಡೆದದ್ದು ನಿಮಗೆ ಗೊತ್ತಿರಲಾರದು. ಅದನ್ನು ಬರೆಯುತ್ತೇನೆ. ಗೊತ್ತಿದ್ದರೆ ತಪ್ಪು ತಿದ್ದಿ.

ನೊರೆ ಹಚ್ಚುವಾಗ ನೀವು ಕಣ್ಣು ಇಷ್ಟಗಲ ಬಿಟ್ಟುಕೊಂಡು ಕನ್ನಡಿಯಲ್ಲಿ ನನ್ನ ಕೈಯನ್ನೇ ನೋಡುತ್ತಿದ್ದಿರಿ. ಕತ್ತಿ ತೆರೆದಾಗ ನಕ್ಷತ್ರ ಕಂಡು ಮುಂದಕ್ಕೆ ಬಗ್ಗಿದಿರಿ. ಹೊದಿಸಿದ ಬಟ್ಟೆಯ ಕೆಳಗೆ ನಿಮ್ಮ ಬಲಗೈ ನಡುಗುತ್ತಿತ್ತು. ಹೌದು, ನನಗೆ ಗೊತ್ತಿತ್ತು. ಅಮ್ಮನನ್ನು ಬೈಯಬೇಡಿ. ಬಟ್ಟೆಯ ಮೇಲೆ ಆ ನಡುಕ ಕಾಣುತ್ತಿತ್ತು, ನನ್ನ ಕಣ್ಣು ಮಂಜಾಯಿತು, ಕತ್ತಿ ಕೈಯಲ್ಲಿದ್ದಾಗ ಅಳಬಾರದೆಂದು ಹಲ್ಲು ಕಚ್ಚಿಕೊಂಡೆ.

ಎಡಗೆನ್ನೆ ಮುಗಿಯುವಾಗ ನಿಮ್ಮ ಭುಜ ಇಳಿಯಿತು. ಬಲಗೆನ್ನೆಯಲ್ಲಿ "ನೀರು ಇನ್ನೂ ಬಿಸಿ ಇರಬೇಕಿತ್ತು" ಎಂದಿರಿ, ಅದೇ ಕೊನೆಯ ಮಾತು. ದವಡೆಯ ಕೆಳಗೆ, ಆ ಹಳ್ಳದಲ್ಲಿ, ಕತ್ತಿಯ ತೂಕಕ್ಕೆ ಅದನ್ನು ಬಿಟ್ಟೆ. ಸರಿದುಕೊಂಡು ಹೋಯಿತು. ಬಟ್ಟೆಯ ಕಡೆ ನೋಡುತ್ತೇನೆ, ಕೈ ನಿಂತಿದೆ. ನಡುಕವಿಲ್ಲ ಅಪ್ಪಾ. ಸುಮ್ಮನೆ ಮಲಗಿದೆ. ಆಮೇಲೆ ಮೂಗಿನಿಂದ ಒಂದು ಸದ್ದು ಬಂತು. ಅದು ಏನೆಂದು ನಾನು ಹೇಳುವುದಿಲ್ಲ, ನೀವು ನಿದ್ದೆ ಮಾಡಲಿಲ್ಲವಲ್ಲ.

ಬೆಂಚಿನ ಮೇಲೆ ಕೂತಿದ್ದ ದರ್ಜಿ ಎದ್ದ. ಕುತ್ತಿಗೆಯ ಸುತ್ತ ಜೋತುಬಿದ್ದಿದ್ದ ಟೇಪನ್ನು ತೆಗೆದು ಸುರುಳಿ ಸುತ್ತಿ ಜೇಬಿಗೆ ಹಾಕಿಕೊಂಡ. "ಅಣ್ಣನ್ನ ಎಬ್ಬಿಸಬೇಡಮ್ಮ" ಎಂದು ಪಿಸುಗುಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು ಹೊರಗೆ ಹೋದ. ಕತ್ತಿ ಒರೆಸಿ ಮಡಿಸಿದ ಮೇಲೂ ನಾನು ನಿಮ್ಮನ್ನು ಎಬ್ಬಿಸಲಿಲ್ಲ. ಕನ್ನಡಿಯಲ್ಲಿ ನಾವಿಬ್ಬರೂ ಇದ್ದೆವು, ನೀವು ಕೂತು, ನಾನು ನಿಂತು. ಎಷ್ಟೋ ವರ್ಷದಿಂದ ನಾನು ನೋಡಬೇಕೆಂದಿದ್ದದ್ದು ಅದನ್ನೇ.

ಈಗ ನಿಮ್ಮ ತೀರ್ಪು ಹೇಳಿ. ಇಲ್ಲಿ ಕೆಲಸ ಬಿಡುವ ಅರ್ಜಿ ಬರೆದಿಟ್ಟುಕೊಂಡು ಕೂತಿದ್ದೇನೆ.

ನಿಮ್ಮ ಮಗಳು


ಡಿಸೆಂಬರ್ 24

ಮರಿ,

ಅಕ್ಷರ ನನ್ನದು. ಮಾತೂ ನನ್ನದು. ಸೊಟ್ಟಗಿದೆ, ಪಟ್ಟಿ ಇಟ್ಟು ನೋಡಬೇಡ.

ನಾನು ನಿದ್ದೆ ಮಾಡಲಿಲ್ಲ.

ದರ್ಜಿಗೆ ಗೋಡೆ ಇದ್ದ ಹಾಗೇ ಇರುತ್ತದೆ ಎಂದು ಹೇಳಿದ್ದೇನೆ. ಅವನು ಮೊದಲೇ ಗಾರೆಯವನಿಗೆ ಬೇಡವೆಂದಿದ್ದನಂತೆ. ಬೋರ್ಡಿಗೆ ನೀಲಿ ಬಣ್ಣ. ಬರುವಾಗ ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ತಾ. ಗಿರಾಕಿಗಳನ್ನು ನೀನು ನೋಡಿಕೋ, ಅವರನ್ನು ಮಾತಾಡಿಸುವುದು ನನಗಿರಲಿ.

ಬೇಗ ಬಾ. ಗಡ್ಡ ಬೆಳೆದಿದೆ.

ಅಪ್ಪ

(ಗೊರಕೆ ಹೊಡೆದರು. ಅಂಗಡಿಯ ಮೇಲಿನ ಮನೆಯಲ್ಲಿದ್ದ ನನಗೇ ಕೇಳಿಸಿತು. ಅಮ್ಮ.)